ಅರವತ್ತಮೂರು ಕರೆಗಳು

"ಈ ನಂಬರ್ ಯಾರದ್ದು?"

ಕೇಳಿದವಳಿಗೇ ಉತ್ತರ ಬಾಯಿಪಾಠ. ದಿನಾ 'ತಿಂಡಿ ಆಯ್ತಾ', 'ಊಟ ಆಯ್ತಾ' ಎಂದು ವಿಚಾರಿಸುವ ನಂಬರನ್ನು ಯಾರು ತಾನೇ ಮರೆಯುತ್ತಾರೆ?

ಎದುರಿಗೆ ನಿಂತಿದ್ದ ತನಿಖಾಧಿಕಾರಿಯ ಮುಖ ಪೆಚ್ಚಾಯಿತು. "ನನ್ನದೇ, ಚುಕ್ಕಿ."

ನಕಲಿ ಔಷಧಿಯ ಗುಂಪೊಂದರ ಫೋನ್ ಕರೆಗಳನ್ನು ಜಾಲಾಡಿ, ಯಾರಿಗೆ ಯಾರ ನಂಟು ಎಂದು ನಕ್ಷೆ ಬಿಡಿಸುವುದು ಅವಳ ಕೆಲಸ. ಒಬ್ಬೊಬ್ಬರಿಗೂ ಒಂದು ಚುಕ್ಕಿ, ನಡುವೆ ಗೆರೆ. ಕರೆ ಹೆಚ್ಚಿದಷ್ಟೂ ಗೆರೆ ದಪ್ಪ. ಅದಕ್ಕೇ ಅವನಿಟ್ಟ ಅಡ್ಡಹೆಸರು ಚುಕ್ಕಿ.

ಇಂದು ಅವನಿಂದ ಔಷಧಿ ಅಂಗಡಿಯ ಹುಡುಗಿಯೊಬ್ಬಳಿಗೆ ಹಗ್ಗದಂಥ ಗೆರೆ ಎದ್ದಿತ್ತು. ಒಂದೇ ತಿಂಗಳಲ್ಲಿ ಅರವತ್ತಮೂರು ಕರೆ! ಫೋಟೊದಲ್ಲಿ ಅವಳ ಉದ್ದ ಜಡೆ ಬೇರೆ... ಚುಕ್ಕಿಯ ಹೊಟ್ಟೆಗೆ ಬೆಂಕಿ ಬಿದ್ದಿತ್ತು.

"ಹಿಡೀಬೇಕಾದೋರ ಪಟ್ಟೀಲಿ ಇವಳೇ ಮೊದಲು. ಇವಳನ್ನ ಕಿತ್ತರೆ ಗುಂಪು ಎರಡು ಹೋಳು."

"ಪಟ್ಟಿ ಕಳಿಸಿದ್ಯಾ?"

"ಈಗ ಕಳಿಸ್ತೀನಿ. ಯಾಕೆ, ಕರುಳು ಚುರ್ ಅಂತಾ?"

"ತಡಿ. ಆ ನಕಲಿ ಮಾತ್ರೆ ನುಂಗಿ ಅವಳ ತಮ್ಮ ಸತ್ತ. ಆಮೇಲೆ ಅವಳೇ ನನ್ನ ಹುಡುಕ್ಕೊಂಡು ಬಂದಳು. ನಮಗೆ ಸುದ್ದಿ ಕೊಡ್ತಿರೋದು ಅವಳೇ. ಪಟ್ಟಿ ಹತ್ತು ಕೈ ದಾಟುತ್ತೆ... ಅವಳ ಪಕ್ಕ ನನ್ನ ನಂಬರ್ ಯಾರಿಗಾದ್ರೂ ಕಂಡ್ರೆ ಅವಳ ಜೀವ ಉಳಿಯಲ್ಲ."

ಚುಕ್ಕಿ ಆ ಹುಡುಗಿಯನ್ನು ನಕ್ಷೆಯಿಂದ ಅಳಿಸಿ ನೋಡಿದಳು. ಗುಂಪು ಒಡೆಯಲೇ ಇಲ್ಲ. ಮೂಲೆಯಲ್ಲಿದ್ದ ವ್ಯಾನ್ ಚಾಲಕನನ್ನು ಅಳಿಸಿದಳು. ತಯಾರಿಸುವವರು ಒಂದು ಕಡೆ, ಮಾರುವವರು ಒಂದು ಕಡೆ, ನಕ್ಷೆ ಎರಡಾಗಿತ್ತು. ಅವನದು ನಾಲ್ಕೇ ಕರೆ, ಆ ಕಡೆಗೆರಡು, ಈ ಕಡೆಗೆರಡು.

ದಪ್ಪ ಗೆರೆ ನೋಡಿ ಮೋಸಹೋಗಬೇಡಿ, ಎರಡೂ ಕಡೆಗೆ ಕೊಂಡಿಯಾದವನನ್ನು ಹುಡುಕಿ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವಳು ಅವಳೇ.

"ಹೊಟ್ಟೆಕಿಚ್ಚಿಗೆ ಒಂದು ಜೀವ ತೆಗೀತಿದ್ದೆ," ಎಂದು ಅವಳು ಅತ್ತೇಬಿಟ್ಟಳು. ಹುಡುಗಿಯ ಹೆಸರು, ತನಿಖಾಧಿಕಾರಿಯ ನಂಬರು ಎರಡನ್ನೂ ತೆಗೆದು, ಚಾಲಕನ ಹೆಸರು ಬರೆದು ಪಟ್ಟಿ ಕಳಿಸಿದಳು.

"ನಿನ್ನ ನಕ್ಷೇಲಿ ಒಂದು ಚುಕ್ಕಿ ಬಿಟ್ಟುಹೋಗಿದೆ," ಎಂದ ಅವನು.

"ಯಾವುದು?"

"ನೀನು."

ಕಚೇರಿಯವರ ನಂಬರುಗಳನ್ನು ಮೊದಲೇ ತೆಗೆದುಹಾಕುವುದು ಅಲ್ಲಿನ ರೂಢಿ, ಅವಳದೂ ಹಾಗೇ ಹೋಗಿತ್ತು. ಅವನ ಸ್ವಂತ ನಂಬರು ಕಚೇರಿಯ ದಾಖಲೆಯಲ್ಲಿರಲಿಲ್ಲ, ಹಾಗಾಗಿ ಉಳಿದಿತ್ತು. ಚುಕ್ಕಿ ತನ್ನ ಫೋನ್ ತೆಗೆದು, ಅದೇ ತಿಂಗಳ ಅವನ ಕರೆಗಳನ್ನು ಎಣಿಸಿದಳು. ಇನ್ನೂರ ಹನ್ನೊಂದು.

"ಇಷ್ಟರಲ್ಲಿ ಒಂದ್ಸಲನಾದ್ರೂ ಹೇಳ್ಬಹುದಿತ್ತಲ್ಲ?"

"ಪ್ರತಿ ಸಲ ಅದಕ್ಕೇ ಮಾಡ್ತಿದ್ದೆ. ತಿಂಡಿ ಆಯ್ತಾ, ಊಟ ಆಯ್ತಾ ಅನ್ನೋಷ್ಟರಲ್ಲಿ ಧೈರ್ಯ ಮುಗೀತಿತ್ತು."

"ಈಗ ಹೇಳಿ."

"ನೀನಂದ್ರೆ ನಂಗೆ ತುಂಬಾ ಇಷ್ಟ..." ಅವನು ತಡವರಿಸಿದ. "ತಿಂಡಿ ಆಯ್ತಾ?"

"ಇಲ್ಲ," ಎಂದಳು ಕಣ್ಣೊರೆಸಿಕೊಂಡು. "ಬೆಳಗ್ಗಿಂದ ಹಸಿವೇ ಇರಲಿಲ್ಲ. ಈಗ ಆಗ್ತಿದೆ, ಬನ್ನಿ."