ಹದಿನೇಳನೇ ಗೂಡು

ಟೇಪ್ ಕೋಣೆಯಿಂದ ಹೊರಬಂದ, ಟೇಪುಗಳ ಪಾಲಕನ ಮುಖದಲ್ಲಿ ರಕ್ತವಿರಲಿಲ್ಲ. ಕೈಯಲ್ಲಿ ಟೇಪೂ ಇರಲಿಲ್ಲ.

“ಸಾರ್, ಹದಿನೇಳು ಇಲ್ಲ.”

ಊಟಕ್ಕೆ ಇನ್ನೂ ಒಂದು ಗಂಟೆಯಿತ್ತು. ತುರ್ತು ಕರೆ ಇಲಾಖೆಯ ತಂತ್ರಜ್ಞಾನ ವಿಭಾಗದ ಪಡಸಾಲೆಯಲ್ಲಿ ಇಪ್ಪತ್ತೆರಡು ವಿದ್ಯಾರ್ಥಿಗಳು ಸರ್ಕಾರಿ ಬಿಸ್ಕತ್ತನ್ನು ಸರ್ಕಾರಿ ಚಹಾದಲ್ಲಿ ಮುಳುಗಿಸುತ್ತಾ ನಿಂತಿದ್ದರು. ಅವರನ್ನು ಕರೆತಂದ ಮೇಷ್ಟ್ರು ಗೋಡೆಯ ನಕ್ಷೆ ನೋಡಿ ತಲೆಯಾಡಿಸುತ್ತಿದ್ದರು. ಅರ್ಥವಾಗದ್ದಕ್ಕೆಲ್ಲ ತಲೆಯಾಡಿಸುವುದೇ ಅವರ ಮೂವತ್ತು ವರ್ಷಗಳ ಬೋಧನಾನುಭವ.

ವಿಭಾಗದ ನಿರ್ದೇಶಕರು ಲೋಟ ಕೆಳಗಿಟ್ಟರು. “ಇಲ್ಲ ಅಂದ್ರೆ ಏನಯ್ಯಾ?”

“ಗೂಡಲ್ಲಿ ಇಲ್ಲ ಸಾರ್. ನಾಳೆ ವಿಚಾರಣೆಗೆ ಕಳಿಸಬೇಕಿತ್ತಲ್ಲ, ಅದೇ ಟೇಪು.”

ಬಿಸ್ಕತ್ತುಗಳು ಚಹಾದೊಳಗೇ ಕರಗಿದವು. ಆ ಟೇಪಿನ ವಿಷಯ ಊರಿಗೆಲ್ಲ ಗೊತ್ತಿತ್ತು. ಎಂಟು ತಿಂಗಳ ಹಿಂದೆ ಒಂದು ಮಧ್ಯಾಹ್ನ, ನಲವತ್ತು ನಿಮಿಷ, ತುರ್ತು ಸಂಖ್ಯೆಗೆ ಫೋನ್ ಮಾಡಿದವರಿಗೆ ಯಾರೂ ಓಗೊಡಲಿಲ್ಲ ಎಂಬ ದೂರಿತ್ತು. ಮೂವರು ಸತ್ತಿದ್ದರು. ಕರೆಯೇ ಬಂದಿಲ್ಲ ಎಂದು ಇಲಾಖೆ ಬರೆದುಕೊಟ್ಟಿತ್ತು. ನಿಜ ಹೇಳಬಲ್ಲದ್ದು ಟೇಪ್ ಒಂದೇ. ಕರೆ ಬಂದ ಕ್ಷಣದಿಂದ, ಯಾರಾದರೂ ಎತ್ತಲಿ ಬಿಡಲಿ, ಆ ತುದಿಯ ದನಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ.

“ಬಾಗಿಲು ಹಾಕಿ,” ಎಂದರು ನಿರ್ದೇಶಕರು. “ಒಬ್ಬರೂ ಹೊರಗೆ ಹೋಗಬಾರದು. ಪೊಲೀಸರಿಗೆ ಫೋನ್ ಮಾಡಿ.”

ಇಪ್ಪತ್ತು ನಿಮಿಷಕ್ಕೆ ಇನ್ಸ್‌ಪೆಕ್ಟರ್ ಮೇಡಂ ಬಂದರು. ಕುಳ್ಳಗಿನ ಹೆಂಗಸು, ಕನ್ನಡಕ ಯಾವಾಗಲೂ ಹಣೆಯ ಮೇಲೆ. ಹಿಂದೆ ಒಬ್ಬ ಪೇದೆ. ಅವನ ಹೊಟ್ಟೆ ಅವನಿಗಿಂತ ಮೊದಲು ಕರ್ತವ್ಯಕ್ಕೆ ಹಾಜರಾಗುತ್ತಿತ್ತು.

ವಿದ್ಯಾರ್ಥಿಗಳ ಬ್ಯಾಗುಗಳು ಗೇಟಿನ ಕಾವಲುಗಾರನ ಹತ್ತಿರವಿದ್ದವು. ಒಂದೊಂದೇ ಬಿಚ್ಚಿದರು. ಒಂಬತ್ತನೆಯದರಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಮೇಲೆ ಚೀಟಿ: ಹದಿನೇಳು. ಒಳಗೆ ಏನೂ ಇರಲಿಲ್ಲ.

“ಯಾರ ಬ್ಯಾಗು?”

ಇಪ್ಪತ್ತೊಂದು ತಲೆಗಳು ಒಂದೇ ಕಡೆ ತಿರುಗಿದವು. ತರಗತಿಯಲ್ಲಿ ಆಕೆಯನ್ನು ಎಲ್ಲರೂ ‘ಪ್ರಶ್ನೆ’ ಎಂದೇ ಕರೆಯುತ್ತಿದ್ದರು. ಯಾವ ಪಾಠವನ್ನೂ ಪ್ರಶ್ನೆ ಕೇಳದೆ ಬಿಡದ ಹುಡುಗಿ.

* * *

ಸಭಾಂಗಣದ ಉದ್ದ ಮೇಜಿನ ಒಂದು ಮೂಲೆಯಲ್ಲಿ ಆಕೆ ಕೂತಿದ್ದಳು. ಎದುರಿಗೆ ಮೇಡಂ. ಪಕ್ಕದಲ್ಲಿ, ಯಾರೂ ಕರೆಯದಿದ್ದರೂ, ನಿರ್ದೇಶಕರು.

“ಡಬ್ಬಿ ಹೇಗೆ ಬಂತಮ್ಮ?”

“ಗೊತ್ತಿಲ್ಲ ಮೇಡಂ.”

“ಟೇಪ್ ಎಲ್ಲಿ?”

“ಅದನ್ನ ಹುಡುಕಿಕೊಡಿ ಅಂತ ನಾನು ನಿಮ್ಮನ್ನ ಕೇಳಬೇಕು.”

“ನೋಡಿ, ನೋಡಿ, ನಾಲಿಗೆ ನೋಡಿ!” ಎಂದರು ನಿರ್ದೇಶಕರು. “ಮೇಡಂ, ಸತ್ತ ಮೂವರಲ್ಲಿ ಒಬ್ಬರು ಈ ಹುಡುಗಿಯ ತಂದೆ. ಪಾಪ, ನನಗೂ ಮಕ್ಕಳಿದ್ದಾರೆ. ಆದ್ರೂ ಸರ್ಕಾರಿ ಸ್ವತ್ತು ಸರ್ಕಾರಿ ಸ್ವತ್ತೇ. ಪತ್ರಿಕೆಯವರಿಗೆ ಕೊಡೋಕೆ ಎತ್ತಿರ್ತಾಳೆ. ಕೇಸ್ ಹಾಕಿ.”

ಮೇಡಂ ಹುಡುಗಿಯನ್ನೇ ನೋಡುತ್ತಿದ್ದರು. “ನಿಜವೇನಮ್ಮ?”

“ಅಪ್ಪ ನಿಜ. ಕದ್ದದ್ದು ಸುಳ್ಳು.” ಅವಳ ಬೆರಳು ಮೇಜಿನ ಅಂಚನ್ನು ಕೆರೆಯುತ್ತಿತ್ತು. “ಅಪ್ಪ ಎದೆ ಹಿಡ್ಕೊಂಡು ಬಿದ್ದಾಗ ಮನೇಲಿ ಅಮ್ಮ ಒಬ್ಬರೇ. ಮನೆ ಫೋನಿಂದ ಮಾಡಿದ್ರಂತೆ, ಮತ್ತೆ ಮಾಡಿದ್ರಂತೆ. ಯಾರೂ ಎತ್ತಲಿಲ್ಲ. ಉಚಿತ ಕರೆ ಮೇಡಂ, ಬಿಲ್ಲಲ್ಲಿ ಬರಲ್ಲ. ನಮ್ಮತ್ತೆ, ಚಿಕ್ಕಪ್ಪ ಎಲ್ಲ ಏನಂತಾರೆ ಗೊತ್ತಾ? ಗಾಬರಿಯಲ್ಲಿ ಅವಳು ಫೋನೇ ಮಾಡಿಲ್ಲ, ಸುಮ್ಮನೆ ನಿಂತಿದ್ದಳು, ನಮ್ಮಣ್ಣನ್ನ ಸಾಯೋಕೆ ಬಿಟ್ಟಳು ಅಂತ.”

“ಅಮ್ಮ ಏನಂತಾರೆ?”

“ಮೊದಮೊದಲು ಜಗಳ ಆಡೋರು. ಈಗ ‘ಮಾಡಿದ್ನೋ ಇಲ್ವೋ, ನಂಗೇ ಗೊತ್ತಿಲ್ಲ ಬಿಡು’ ಅಂತಾರೆ.” ಅವಳು ಕತ್ತೆತ್ತಿದಳು. “ನನ್ನ ಒಳಗೆ ಹಾಕಿ ಬೇಕಾದ್ರೆ. ಟೇಪ್ ಸಿಗಲಿ.”

“ಅದರ ನಕಲು ಇಲ್ವಾ?” ಎಂದು ಮೇಡಂ ನಿರ್ದೇಶಕರನ್ನು ಕೇಳಿದರು.

“ನಕಲು ತೆಗೆಯೋ ಯಂತ್ರ ಬಂದಿದೆ. ಪೆಟ್ಟಿಗೆ ಬಿಚ್ಚೋಕೆ ಅನುಮತಿ ಬಂದಿಲ್ಲ.”

* * *

ಟೇಪ್ ಕೋಣೆ ತಣ್ಣಗಿತ್ತು. ನೆಲದಿಂದ ಸೂರಿನವರೆಗೆ ಗೂಡುಗಳ ಸಾಲು. ಒಂದೊಂದು ಗೂಡಿನಲ್ಲೂ ಒಂದೊಂದು ಡಬ್ಬಿ, ಸೈನಿಕರ ಹಾಗೆ ನೆಟ್ಟಗೆ. ಹದಿನೇಳರಲ್ಲಿ ಮಾತ್ರ ಡಬ್ಬಿಯ ಬದಲು ಮಡಿಸಿದ ಬಿಳಿ ಕಾಗದ ತುರುಕಿತ್ತು.

ಪೇದೆ ಅದನ್ನು ಎಳೆದು ಬಿಡಿಸಿದ. ಇವತ್ತಿನ ಪ್ರವಾಸದ ಕಾರ್ಯಕ್ರಮ ಪಟ್ಟಿ.

“ಮುಗೀತು ಮೇಡಂ. ಇದನ್ನ ಹಂಚಿದ್ದು ಹುಡುಗರಿಗೆ. ಹುಡುಗೀನೇ ಇಟ್ಟಿರೋದು.”

“ನಿನ್ನ ಊಟದ ಹೊತ್ತಾಯ್ತು ಅಂತ ಕೇಸ್ ಮುಗಿಸಬೇಡ ಮಾರಾಯ. ಹೋಗಿ ಎಲ್ಲರ ಕೈಲಿರೋ ಪಟ್ಟಿ ಎಣಿಸಿಕೊಂಡು ಬಾ.”

ಅವನು ಹೋದ. ಮೇಡಂ ಪಾಲಕನ ಕಡೆ ತಿರುಗಿದರು. ಮೂವತ್ತರ ಆಸುಪಾಸಿನವನು, ಗುತ್ತಿಗೆ ನೌಕರ. ಬರುವ ತಿಂಗಳು ಅವನ ಗುತ್ತಿಗೆ ಮುಗಿಯುತ್ತದೆ ಎಂದು ನಿರ್ದೇಶಕರು ಆಗಲೇ ಅವರ ಕಿವಿಗೆ ಹಾಕಿದ್ದರು.

“ಬೀಗದ ಕೈ ಯಾರ ಹತ್ರ?”

“ನನ್ನ ಹತ್ರ ಒಂದು, ನಿರ್ದೇಶಕರ ಹತ್ರ ಒಂದು.” ತನ್ನದನ್ನು ಜೇಬಿನಿಂದ ತೆಗೆದು ಚಾಚಿದ. “ನಂಗೊತ್ತು ಮೇಡಂ, ಹುಡುಗಿ ಅಲ್ಲ ಅಂದ್ರೆ ನಾನೇ ಅಂತೀರ.”

“ಇನ್ನೂ ಅಂದಿಲ್ಲ. ಇವತ್ತು ಬಾಗಿಲು ತೆಗೆದದ್ದು ಯಾರು?”

“ಸಾಹೇಬರೇ. ನಾನು ಒಂಬತ್ತೂವರೆಗೆ ಬಂದಾಗ ತೆಗೆದಿತ್ತು. ಮಕ್ಕಳು ಬರ್ತಾರೆ, ಚೊಕ್ಕವಾಗಿದೆಯಾ ಅಂತ ನೋಡ್ತಿದ್ದೆ ಅಂದ್ರು.”

ಮೇಡಂ ಕಾಗದವನ್ನು ಮೊದಲಿನ ಗೆರೆಗಳಲ್ಲೇ ಮತ್ತೆ ಮಡಿಸತೊಡಗಿದರು. ಮೂರು ಮಡಿಕೆ, ಮತ್ತೆ ಮೂರು, ಕೊನೆಗೆ ಒಂದು ಮೂಲೆಯನ್ನು ಒಳಕ್ಕೆ ಸಿಕ್ಕಿಸುವ ನಾಲಿಗೆ. ಕೈಬಿಟ್ಟರೂ ಬಿಚ್ಚಿಕೊಳ್ಳಲಿಲ್ಲ. ಗೂಡಿಗೆ ಹಿಡಿದರು. ಒಂದು ಡಬ್ಬಿಯ ದಪ್ಪ, ಅಳೆದು ಮಾಡಿದ ಹಾಗೆ.

“ಇದ್ಯಾಕೆ ಇಡ್ತಾರೆ?”

“ನಾವು ಇಡಲ್ಲ ಮೇಡಂ. ಟೇಪ್ ಓರೆಯಾಗಿ ನಿಂತರೆ ಸುರುಳಿ ಒಂದು ಕಡೆ ಜಗ್ಗಿ ಹಾಳಾಗುತ್ತೆ. ಈಗ ಗೂಡಿಗೊಂದು ಕಬ್ಬಿಣದ ತಡೆ ಇದೆ, ಒಂದು ತೆಗೆದ್ರೆ ಪಕ್ಕದ್ದು ವಾಲೋದೇ ಇಲ್ಲ.” ಅವನು ಬಗ್ಗಿದ. ಕೆಳಗಿನ ಸಾಲಿನ ಹಿಂದಿನಿಂದ ಹಳದಿ ತಿರುಗಿದ ಕಾಗದವೊಂದನ್ನು ಉಗುರಿನಿಂದ ಕಿತ್ತ. “ತಡೆ ಬರೋಕೆ ಮುಂಚೆ ಹೀಗೆ ಮಾಡ್ತಿದ್ರಂತೆ. ಗುಡಿಸುವಾಗ ಒಮ್ಮೊಮ್ಮೆ ಸಿಗುತ್ತೆ.”

ಮೇಡಂ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದರು. ಹಳೆಯ ಕಾಗದಕ್ಕೂ ಮೂರು ಮಡಿಕೆ, ಮತ್ತೆ ಮೂರು. ಮೂಲೆಯಲ್ಲಿ ಅದೇ ನಾಲಿಗೆ.

ಪೇದೆ ಏದುಸಿರು ಬಿಡುತ್ತಾ ಬಂದ. “ಇಪ್ಪತ್ತೆರಡು ಹುಡುಗರು, ಇಪ್ಪತ್ತೆರಡು ಪಟ್ಟಿ. ಆ ಹುಡುಗೀದೂ ಇದೆ. ಮೇಷ್ಟ್ರದ್ದೂ ಇದೆ, ಹಿಂದುಗಡೆ ಪದಬಂಧ ಬಿಡಿಸಿದ್ದಾರೆ.”

* * *

“ಬೆಳಗ್ಗೆಯಿಂದ ಏನೇನಾಯ್ತು, ಒಂದೂ ಬಿಡದೆ ಯಾರು ಹೇಳ್ತೀರಿ?”

ಪಡಸಾಲೆಯಲ್ಲಿ ಎಲ್ಲರೂ ಒಬ್ಬನನ್ನು ಮುಂದಕ್ಕೆ ತಳ್ಳಿದರು. ಕಡ್ಡಿಯಂಥ ಹುಡುಗ. “ಇವನು ರೇಡಿಯೋ ಮೇಡಂ. ಯಾರ ದನಿ ಬೇಕಾದ್ರೂ ತೆಗೀತಾನೆ.”

“ತೆಗಿ ನೋಡೋಣ.”

ರೇಡಿಯೋ ಮೇಷ್ಟ್ರ ಕಡೆ ಹೆದರಿ ನೋಡಿದ. ಮೇಷ್ಟ್ರು ಅಭ್ಯಾಸಬಲದಿಂದ ತಲೆಯಾಡಿಸಿದರು. ಹುಡುಗ ಹೊಟ್ಟೆ ಮುಂದೆ ಮಾಡಿ, ಕೈ ಹಿಂದೆ ಕಟ್ಟಿ, ಗಂಟಲನ್ನು ಒಂದು ಮಹಡಿ ಕೆಳಗಿಳಿಸಿದ.

“‘ಮಕ್ಕಳೇ! ತಂತ್ರಜ್ಞಾನ ಅಂದ್ರೆ ಏನು? ತಂತ್ರವೂ ಬೇಕು, ಜ್ಞಾನವೂ ಬೇಕು. ಅರ್ಥ ಆಯ್ತಾ? ಆಗಿರುತ್ತೆ. ಇಪ್ಪತ್ತೆರಡು ವರ್ಷದ ಹಿಂದೆ ನಾನು ಇದೇ ಕೋಣೇಲಿ ಟೇಪ್ ಜೋಡಿಸ್ತಿದ್ದೆ. ಇವತ್ತು ಇಡೀ ವಿಭಾಗ ಜೋಡಿಸ್ತೀನಿ!’”

ಒಂದಿಬ್ಬರು ನಕ್ಕರು. ಮೇಡಂ ನಗಲಿಲ್ಲ. “ಆಮೇಲೆ?”

“ಆಮೇಲೆ ಅಳಿಸೋ ಯಂತ್ರದ ಕೋಣೆ. ‘ಇದು ಮಹಾ ಅಯಸ್ಕಾಂತ, ಮಕ್ಕಳೇ! ಹಳೆ ಟೇಪನ್ನ ಒಳಗೆ ಇಟ್ಟು ಗುಂಡಿ ಒತ್ತಿದ್ರೆ ಮೂರೇ ಸೆಕೆಂಡು, ಸ್ವಚ್ಛ! ಯಾರು ಒತ್ತೀರಿ? ನೀನು ಬಾಮ್ಮ. ಹಾಂ, ನೀನೇ, ಬಹಳ ಪ್ರಶ್ನೆ ಕೇಳ್ತೀಯಲ್ಲ. ಒತ್ತು. ಗಟ್ಟಿಯಾಗಿ ಒತ್ತು. ಶಭಾಷ್! ಎಲ್ಲ ಚಪ್ಪಾಳೆ ತಟ್ಟಿ!’”

“ತಟ್ಟಿದಿರಾ?”

“ಎಲ್ಲರೂ ತಟ್ಟಿದ್ವಿ ಮೇಡಂ.” ರೇಡಿಯೋ ತನ್ನದೇ ಸಣ್ಣ ದನಿಗೆ ಬಂದಿದ್ದ.

“ಆ ಹಳೇ ಟೇಪನ್ನ ಸಾಹೇಬರು ಎಲ್ಲಿಂದ ತೆಗೆದ್ರು?”

“ಕೋಟಿನ ಜೇಬಿಂದ.”

ಮೇಡಂ ಆಗಲೇ ಎದ್ದಿದ್ದರು.

* * *

ಅಳಿಸಿದ ಟೇಪುಗಳನ್ನು ಎಸೆಯುವ ರಟ್ಟಿನ ಪೆಟ್ಟಿಗೆಯನ್ನು ಪೇದೆ ಸಭಾಂಗಣದ ಮೇಜಿನ ಮೇಲೆ ಸುರುವಿದ. ಧೂಳು ಹಿಡಿದವು ಹನ್ನೊಂದು. ಧೂಳಿಲ್ಲದ್ದು ಒಂದು. ಅದರ ಬೆನ್ನಿನ ಚೀಟಿ ಕಿತ್ತಿತ್ತು. ಅಂಟು ಇನ್ನೂ ಬೆರಳಿಗೆ ಹತ್ತುತ್ತಿತ್ತು. ಪಾಲಕ ಅದನ್ನು ತಿರುವಿ, ಪ್ಲಾಸ್ಟಿಕ್ಕಿನಲ್ಲೇ ಅಚ್ಚಾದ ಕಾರ್ಖಾನೆಯ ಸಂಖ್ಯೆಯನ್ನು ದಾಖಲೆ ಪುಸ್ತಕದ ಜೊತೆ ಹೋಲಿಸಿದ. ಎರಡು ಸಲ ನೋಡಿದ.

“ಹದಿನೇಳೇ ಮೇಡಂ.”

ನಿರ್ದೇಶಕರು ನಕ್ಕರು. ನಗು ತುಟಿ ದಾಟಲಿಲ್ಲ. “ಅಯ್ಯೋ, ಎಂಥ ಅಚಾತುರ್ಯ! ಹಳೇದು ಅಂತ ತಪ್ಪಿ ತಗೊಂಡಿರಬೇಕು. ಗುಂಡಿ ಒತ್ತಿದ್ದು ಈ ಹುಡುಗಿ ತಾನೇ?”

“ಒತ್ತೋಕೆ ಅವಳನ್ನೇ ಕರೆದದ್ದು ನೀವು,” ಎಂದರು ಮೇಡಂ. “ತಪ್ಪಿ ತಗೊಂಡವರು ಚೀಟಿ ಕೀಳಲ್ಲ ಸಾರ್. ಡಬ್ಬೀನ ಇನ್ನೊಬ್ಬರ ಬ್ಯಾಗಲ್ಲಿ ಹಾಕಲ್ಲ. ಬ್ಯಾಗುಗಳನ್ನ ಸಾಲಾಗಿ ಜೋಡಿಸ್ತೀನಿ ಅಂತ ನೀವೇ ಗೇಟಿಗೆ ಹೋಗಿದ್ರಂತೆ, ಕಾವಲುಗಾರ ಈಗ ಹೇಳಿದ. ಒಂದೊಂದಕ್ಕೂ ಹೆಸರಿನ ಚೀಟಿ ಕಟ್ಟಿತ್ತು.”

“ನಾನ್ಯಾಕೆ…”

“ಮೇಷ್ಟ್ರೇ, ನಿಮ್ಮನ್ನ ಇಲ್ಲಿಗೆ ಕರೆದ ಪತ್ರ ಕೊಡಿ.”

ಬಾಗಿಲ ಬಳಿ ನಿಂತಿದ್ದ ಮೇಷ್ಟ್ರು ಕಡತ ಬಿಚ್ಚಿದರು. ಈ ಸಲ ತಲೆಯಾಡಿಸಲಿಲ್ಲ. “ಮೂರು ವರ್ಷದಿಂದ ಪ್ರವಾಸಕ್ಕೆ ಅನುಮತಿ ಕೇಳ್ತಿದ್ದೆ, ಒಂದಕ್ಕೂ ಉತ್ತರ ಇಲ್ಲ. ಹದಿನೈದು ದಿನದ ಹಿಂದೆ ಅವರೇ ‘ಬನ್ನಿ’ ಅಂತ ಬರೆದ್ರು. ಮಕ್ಕಳ ಹೆಸರು, ಮನೆ ವಿಳಾಸ ಕಳಿಸಿ ಅಂದ್ರು. ಕಳಿಸಿದೆ.”

“ಪತ್ರದ ತಾರೀಖೂ, ವಿಚಾರಣೆಯವರು ಟೇಪ್ ಕೇಳಿದ ತಾರೀಖೂ ಒಂದೇ,” ಎಂದರು ಮೇಡಂ. “ಟೇಪ್ ಕಾಣೆಯಾದಾಗ ಕಟ್ಟಡದಲ್ಲಿ ಹೊರಗಿನವರು ಬೇಕಿತ್ತು ನಿಮಗೆ. ವಿಳಾಸ ನೋಡಿದಾಗ ದೂರು ಕೊಟ್ಟವರ ಮಗಳೇ ಸಿಕ್ಕಳು. ಎಲ್ಲ ಸರಿಯಾಗಿತ್ತು. ಆದ್ರೆ ಒಂಬತ್ತೂವರೆಗೆ ಮುಂಚೆ ಆ ಡಬ್ಬಿ ಎಳೆದಾಗ, ಹೊಸ ತಲೆ ಮರೆತು ಹಳೇ ಕೈ ಕೆಲಸ ಮಾಡಿಬಿಡ್ತು. ಪಕ್ಕದ ಟೇಪ್ ವಾಲಿ ಹಾಳಾದೀತು ಅಂತ ಕೈಗೆ ಸಿಕ್ಕ ಕಾಗದ ಮಡಿಸಿ ಇಟ್ರಿ. ಆ ಹೊತ್ತಿಗೆ ಪಟ್ಟಿ ಇನ್ನೂ ಹಂಚಿರಲಿಲ್ಲ, ಇದ್ದದ್ದು ನಿಮ್ಮ ಮೇಜಿನ ಮೇಲೆ ಮಾತ್ರ. ಕದಿಯೋಕೆ ಬಂದ ಹುಡುಗಿಗೆ ಪಕ್ಕದ ಟೇಪಿನ ಯೋಗಕ್ಷೇಮ ಯಾಕೆ ಬೇಕು? ಈ ಪಾಲಕನಿಗೆ ಆ ಮಡಿಕೆ ಬರೋದೇ ಇಲ್ಲ. ಅಲ್ಲಿ ಟೇಪ್ ಜೋಡಿಸಿದವರಲ್ಲಿ ಇವತ್ತೂ ಈ ಕಟ್ಟಡದಲ್ಲಿ ಇರೋದು ನೀವೊಬ್ಬರೇ.”

ಬೇಕಾದರೆ ಇಲ್ಲೇ ಮಡಿಸಿ ತೋರಿಸಿ ಎಂಬಂತೆ ಮೇಡಂ ಒಂದು ಖಾಲಿ ಹಾಳೆಯನ್ನು ಮೇಜಿನ ಮೇಲೆ ಸರಿಸಿದರು. ನಿರ್ದೇಶಕರು ಎರಡೂ ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡರು.

ಹುಡುಗಿ ತನ್ನ ಬಲಗೈಯ ಬೆರಳನ್ನು ನೋಡಿಕೊಳ್ಳುತ್ತಿದ್ದಳು. ಅದು ತನ್ನದಲ್ಲ, ಯಾರೋ ಇಟ್ಟುಕೊಂಡಿರು ಎಂದು ಕೊಟ್ಟುಹೋದದ್ದು ಎಂಬಂತೆ.

“ಅದರಲ್ಲಿ ಅಮ್ಮ ಇದ್ರಾ?” ಎಂದಳು. “ನಾನು ಅಳಿಸಿದ್ದು ಅಮ್ಮನ್ನಾ?”

ಮೇಡಂ ಆ ಟೇಪನ್ನು ಅವಳ ಎದುರಿನಿಂದ ಪಕ್ಕಕ್ಕೆ ಸರಿಸಿದರು. ಹುಡುಗಿ ಎದ್ದು ನಿರ್ದೇಶಕರ ಎದುರಿಗೆ ಬಂದು ನಿಂತಳು. ಪೇದೆ ತಡೆಯಲು ಹೋದವನು ತಾನೇ ನಿಂತುಬಿಟ್ಟ.

“ಸಾರ್, ಅಳಿಸೋಕೆ ಮುಂಚೆ ನೀವು ಕೇಳಿದ್ರಾ?”

ನಿರ್ದೇಶಕರ ಭಾರಿ ದನಿ ಎಲ್ಲಿ ಹೋಯಿತೋ. “ಆ ದಿನ ಮೇಲಿನ ಕಚೇರಿಯವರು ಬಂದಿದ್ರು,” ಎಂದರು ಮೇಜಿಗೆ ಹೇಳುವಂತೆ. “ತೋರಿಸೋಕೆ ಅಂತ ಕರೆ ತಗೊಳ್ಳೋ ಯಂತ್ರಾನ ಪರೀಕ್ಷೆಗೆ ಹಾಕಿದೆ. ಪರೀಕ್ಷೇಲಿ ಇದ್ದಾಗ ಇಲ್ಲಿ ಗಂಟೆ ಬಾರಿಸಲ್ಲ, ಟೇಪ್ ಮಾತ್ರ ಓಡುತ್ತೆ. ಊಟಕ್ಕೆ ಕರ್ಕೊಂಡು ಹೋದೆ. ವಾಪಸ್ ಹಾಕೋದು ಮರೆತೆ. ನಲವತ್ತು ನಿಮಿಷ. ಮರೆವು, ಅಷ್ಟೇ…”

“ಕೇಳಿದ್ರಾ?”

“ಕೇಳಿದೆ.”

“ನಮ್ಮಮ್ಮ ಎಷ್ಟು ಸಲ ಮಾಡಿದ್ರು?”

ಅವರು ಕಣ್ಣು ಮುಚ್ಚಿದರು.

“ಏಳು ಸಲ. ಏಳನೇ ಸಲ… ವಿಳಾಸ ಹೇಳ್ತಾನೇ ಇದ್ರು. ಮನೆ ನಂಬರು, ಬೀದಿ, ಎದುರಿಗೆ ನೀಲಿ ಗೇಟು. ಯಾರೂ ಇಲ್ಲ ಅಂತ ಗೊತ್ತಿದ್ರೂ ಹೇಳ್ತಾನೇ ಇದ್ರು.”

ಹುಡುಗಿ ಅಳಲಿಲ್ಲ. ಮೇಡಂ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಮೇಡಂ ಹೇಳಿಕೆಯ ಹಾಳೆ ತೆಗೆದು ನಿರ್ದೇಶಕರ ಒಂದೊಂದು ಮಾತನ್ನೂ ಬರೆಯತೊಡಗಿದರು. ಕರೆಗಳ ಲೆಕ್ಕ ಬಂದ ಕಡೆ ಅಂಕಿ ಬರೆದು ಮುಂದೆ ಹೋದರು.

“ಮೇಡಂ,” ಎಂದಳು ಹುಡುಗಿ. “ಅಂಕಿ ಬೇಡ. ಅಂಕಿ ತಿದ್ದಿಬಿಡ್ತಾರೆ.”

ಮೇಡಂ ಪೆನ್ನು ಎತ್ತಿದರು. ಅಂಕಿಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಅಕ್ಷರದಲ್ಲಿ, ದಪ್ಪಗೆ ಬರೆದರು. ಹಾಳೆಯನ್ನು ತಿರುಗಿಸಿ ನಿರ್ದೇಶಕರ ಮುಂದೆ ಇಟ್ಟರು.

“ಇಲ್ಲಿ ಸಹಿ ಮಾಡಿ ಸಾರ್. ‘ಏಳು’ ಅನ್ನೋದರ ಪಕ್ಕದಲ್ಲೂ ಒಂದು.”