ತಲೆಕೆಳಗಾದ ಹೂವು

ಬಸ್ ಕಂಡಕ್ಟರ್ ತನ್ನ ಮೊಬೈಲನ್ನು ಇನ್‌ಸ್ಪೆಕ್ಟರ್ ಮೇಡಂ ಮೇಜಿನ ಮೇಲೆ ಬೋರಲಾಗಿ ಇಟ್ಟ.

"ಮೇಡಂ, ನಾನು ಕೊಳಕು ವಿಡಿಯೋ ನೋಡೋನು. ಇವತ್ತು ಡಿಪೋದಲ್ಲಿ ಊಟದ ಹೊತ್ತಿಗೆ ನೋಡ್ತಿದ್ದೆ. ಅದರಲ್ಲಿ ಇರೋದು ನಮ್ಮ ಡ್ರೈವರ್ ಮಗಳು. ಹದಿನೈದು ವರ್ಷ. ನನ್ನನ್ನ ಮಾಮ ಅಂತ ಕರೀತಾಳೆ."

ಮೂವತ್ತು ವರ್ಷ ಸರ್ವೀಸ್ ಮಾಡಿದ ಹೆಡ್ ಕಾನ್‌ಸ್ಟೇಬಲ್ ನಾನು. ಇಂಥ ನಾಟಕ ಬೇಕಾದಷ್ಟು ಕಂಡಿದ್ದೇನೆ. ಇವನೇ ಮಾಡಿ ಇವನೇ ಬಂದಿದ್ದಾನೆ ಎಂದುಕೊಂಡೆ. ಮೈಯೆಲ್ಲ ಉರಿಯಿತು.

ಇನ್‌ಸ್ಪೆಕ್ಟರ್ ಮೇಡಂ ಅವನ ಮುಂದೆ ನೀರಿನ ಲೋಟ ಇಟ್ಟರು. "ನೋಡಿದ್ದಕ್ಕೆ ನಿಮ್ಮ ಮೇಲೂ ಕೇಸಾಗ್ಬಹುದು."

"ಆಗ್ಲಿ. ಇಷ್ಟು ವರ್ಷ ನೋಡಿದ್ನಲ್ಲ, ಆ ಮುಖಗಳೂ ಯಾರದೋ ಮಕ್ಕಳೇ ಅಲ್ವಾ ಮೇಡಂ?"

ಮೇಡಂ ಮೊಬೈಲನ್ನು ತೆಗೆದುಕೊಂಡರು.

*

ಹುಡುಗಿ ಅದನ್ನು ತೆಗೆದವನ ಹೆಸರು ಹೇಳಲಿಲ್ಲ. ಒಂದೇ ಮಾತು ಹೇಳಿದಳು.

"ಬಾಯಿ ಬಿಟ್ರೆ ಅಪ್ಪನಿಗೆ ತೋರಿಸ್ತೀನಿ ಅಂದಿದ್ದಾನೆ. ಆಮೇಲೆ ಅಪ್ಪ ನನ್ನ ಮುಖ ನೋಡಲ್ಲ."

"ಹೇಳ್ಬೇಡ ಪುಟ್ಟಿ," ಎಂದರು ಮೇಡಂ. "ಹುಡುಕೋದು ನನ್ನ ಕೆಲಸ."

ಠಾಣೆಯ ಕಂಪ್ಯೂಟರ್ ರಿಪೇರಿಗೆ ಬರುವ ಮೇಷ್ಟ್ರಿದ್ದರು. ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ಕ್ಲಾಸ್ ನಡೆಸುವವರು. ಆ ವಿಡಿಯೋ ಇದ್ದ ವೆಬ್‌ಸೈಟಿನ ಹೆಸರಷ್ಟೇ ಹೇಳಿ, ಇಲ್ಲಿನ ಒಂದು ವಿಡಿಯೋ ಅದರಲ್ಲಿದೆ, ತೆಗೆದವರನ್ನು ಪತ್ತೆ ಹಚ್ಚಬಹುದೇ ಎಂದು ಕೇಳಿದೆ.

"ಇಲ್ಲಿಯದಲ್ಲ, ಹೊರದೇಶದಲ್ಲಿ ತೆಗೆದಿರೋದು ಸಾರ್. ಸುಮ್ಮನೆ ತಲೆ ಕೆಡಿಸ್ಕೋಬೇಡಿ," ಎಂದರು. ಟೀ ಕೂಡ ಕುಡಿಯದೆ ಹೋದರು. ಎಂಥ ಒಳ್ಳೆಯ ಮನುಷ್ಯ ಎಂದುಕೊಂಡೆ.

ನನ್ನ ಅನುಮಾನ ಕಂಡಕ್ಟರ್ ಮೇಲೆಯೇ. ಮೇಡಂ ಅಲ್ಲವೆಂದು ತಲೆಯಾಡಿಸಿಬಿಟ್ಟರು. ವಿಡಿಯೋದಲ್ಲಿ ಹುಡುಗಿಯ ಕೈಗೆ ಪ್ಲಾಸ್ಟರ್ ಇತ್ತಂತೆ. ಸೈಕಲ್‌ನಿಂದ ಬಿದ್ದು ಕೈ ಮುರಿದುಕೊಂಡಿದ್ದು ಮಾರ್ಚ್‌ನಲ್ಲಿ. ಆ ತಿಂಗಳಿಡೀ ಕಂಡಕ್ಟರ್ ದೂರದೂರಿನ ಬಸ್ಸಿನ ಡ್ಯೂಟಿಯಲ್ಲಿದ್ದ, ಊರಲ್ಲೇ ಇರಲಿಲ್ಲ. ಡಿಪೋದ ರಿಜಿಸ್ಟರ್ ನೋಡಿಕೊಂಡು ಬಂದಿದ್ದರು ಮೇಡಂ.

"ಇವಳ ಪ್ಲಾಸ್ಟರ್ ಮೇಲೆ ಗೆಳತಿಯರೆಲ್ಲ ಹೂವು ಬರೆದಿದ್ರು ಕಣ್ರೀ," ಎಂದರು.

*

ಮರುದಿನ ಮೇಡಂ ನಮ್ಮ ಮನೆಗೇ ಬಂದರು. ನನ್ನ ಹೆಂಡತಿ ಕಿಟಕಿ ಬಾಗಿಲಿನ ಪರದೆ ಹೊಲಿಯುವವಳು. ಠಾಣೆಯ ಪರದೆಗಳೂ ಅವಳವೇ.

ವಿಡಿಯೋದ ಒಂದು ಮೂಲೆಯನ್ನಷ್ಟೇ ಕತ್ತರಿಸಿ ಪ್ರಿಂಟ್ ಮಾಡಿಸಿದ್ದರು. ಹುಡುಗಿ ಇಲ್ಲ, ಯಾರೂ ಇಲ್ಲ. ಒಂದು ಹೂವಿನ ಪರದೆ.

"ಅಕ್ಕಾ, ಇದನ್ನ ಯಾರು ಹೊಲಿದಿರಬಹುದು?"

ಇವಳು ಕನ್ನಡಕ ಏರಿಸಿದಳು. ನಾಲಿಗೆ ಕಚ್ಚಿಕೊಂಡಳು.

"ಅಯ್ಯೋ, ನಂದೇ ಮೇಡಂ. ಬಟ್ಟೆ ಒಂದು ಗೇಣು ಕಮ್ಮಿ ಬಿತ್ತು. ಕೆಳಗೆ ಮಿಕ್ಕಿದ ತುಂಡು ಕೂಡಿಸಿದೆ. ಹೊಲಿದಾದ ಮೇಲೆ ನೋಡ್ತೀನಿ, ಕೆಳಗಿನ ಹೂವೆಲ್ಲ ತಲೆಕೆಳಗು. ಮರ್ಯಾದೆ ಹೋಯ್ತು ಅನ್ನಿಸ್ತು. ಬಿಚ್ಚಿ ಹೊಲಿದುಕೊಡ್ತೀನಿ ಅಂದೆ. ಒಳಕೋಣೆಗೆ ತಾನೆ, ಯಾರು ನೋಡ್ತಾರೆ ಬಿಡಿ ಅಂದ್ರು."

"ಯಾರು?"

"ಕಂಪ್ಯೂಟರ್ ಕ್ಲಾಸಿನ ಮೇಷ್ಟ್ರು." ಆಮೇಲೆ ನನ್ನ ಮುಖ ನೋಡಿದಳು. "ರೀ, ಏನಾಯ್ತು?"

ನಾನು ಎದ್ದು ಟೋಪಿ ಹಾಕಿಕೊಂಡೆ.

*

ಕ್ಲಾಸಿನ ಒಳಕೋಣೆಯಲ್ಲಿ ಆ ಪರದೆ ಇನ್ನೂ ತೂಗುತ್ತಿತ್ತು. ಮೇಷ್ಟ್ರು ಅನ್ನಿಸಿಕೊಂಡವನು ಮೊದಲು ನಕ್ಕ. ಮೇಡಂ ಪ್ರಿಂಟನ್ನು ಪರದೆಯ ಪಕ್ಕ ಹಿಡಿದರು. ಅವನ ನಗು ನಿಂತಿತು. ಲ್ಯಾಪ್‌ಟಾಪಿನಲ್ಲಿ ಇನ್ನೂ ನಾಲ್ಕು ಮಕ್ಕಳ ವಿಡಿಯೋ ಸಿಕ್ಕವು.

ಜೀಪಿನಲ್ಲಿ ಮೇಡಂ ಹೇಳಿದರು. "ಮೊದಲು ಮಕ್ಕಳಿಗೆ ಬೇರೆಯವರ ವಿಡಿಯೋ ತೋರಿಸ್ತಾನೆ. ಇದೆಲ್ಲ ಮಾಮೂಲು, ಎಲ್ಲರೂ ಹೀಗೇ ಅಂತ ನಂಬಿಸ್ತಾನೆ. ಆಮೇಲೆ ಇವರದ್ದು ತೆಗೀತಾನೆ. ಅದನ್ನ ಮುಂದಿನ ಮಗುವಿಗೆ ತೋರಿಸ್ತಾನೆ. ಡಿಪೋದಲ್ಲಿ ಕೂತು ನೋಡೋರು ಇರೋವರೆಗೂ ಅವನಿಗೆ ಗಿರಾಕಿಗೆ ಬರ ಇಲ್ಲ. ಅದ್ಸರಿ, ವಿಡಿಯೋನೇ ನೋಡದೆ ಹೊರದೇಶದಲ್ಲಿ ತೆಗೆದದ್ದು ಅಂತ ಅವನಿಗೆ ಹೇಗ್ರೀ ಗೊತ್ತಾಯ್ತು?"

ಅವತ್ತೇ ಕೇಳಬೇಕಿತ್ತು ನಾನು. ನಾಚಿಕೆಯಿಂದ ತಲೆ ತಗ್ಗಿಸಿದೆ.

*

"ನಾನು ಹೆಸರು ಹೇಳಲಿಲ್ಲ ಅಲ್ವಾ?" ಹುಡುಗಿ ಮೇಡಂ ಕೈ ಬಿಟ್ಟಿರಲಿಲ್ಲ.

"ಇಲ್ಲ ಪುಟ್ಟಿ. ನಿನ್ನ ತಪ್ಪು ಎಳ್ಳಷ್ಟೂ ಇಲ್ಲ."

"ಅಪ್ಪನಿಗೆ ಗೊತ್ತಾ?"

"ಇವತ್ತು ಬೆಳಿಗ್ಗೆ ಹೇಳ್ದೆ. ವಿಡಿಯೋ ತೋರಿಸ್ಬೇಡಿ ಅಂದ್ರು. ಆಗಿಂದ ಹೊರಗಡೆ ಬೆಂಚಿನ ಮೇಲೆ ಕೂತಿದ್ದಾರೆ. ನನ್ನ ಮಗಳ ಮುಖ ನೋಡ್ಬೇಕು, ಒಳಗೆ ಬಿಡಿ ಅಂತಿದ್ದಾರೆ."

ನಾನೇ ಎದ್ದು ಬಾಗಿಲು ತೆರೆದೆ.