ಕಮಾನಿನ ಕೆಳಗೆ ಒದ್ದೆ ಗೋಡೆ

"ಥೂ! ನಾಚಿಕೆ ಆಗಲ್ವೇನ್ರೀ ನಿಮಗೆ?"

ಗೈಡ್ ಲೊರೆಟೊಳ ಕೂಗಿಗೆ ಪೊಪುಲೊ ಕಮಾನಿನ ಪಾರಿವಾಳಗಳೆಲ್ಲ ಪಟಪಟನೆ ಹಾರಿದವು. ಅವಳ ಹಿಂದೆ ಬರುತ್ತಿದ್ದ ಪ್ರವಾಸಿಗರ ಗುಂಪು ಗಕ್ಕನೆ ನಿಂತಿತು.

ಕಮಾನಿನ ಒಳಗೋಡೆಗೆ ಮುಖ ಮಾಡಿ, ಕಾಲು ಅಗಲಿಸಿ, ಎರಡೂ ಕೈ ಮುಂದೆ ಹಿಡಿದು ಒಬ್ಬ ನಿಂತಿದ್ದ. ಗೋಡೆಯ ಮೇಲೆ ನೀರು ಇಳಿಯುತ್ತಿತ್ತು.

ಅದು ಕಡಲತೀರದ ಕಾದಿಸ್ ಪಟ್ಟಣದ ಕಾರ್ನಿವಲ್ ಹಬ್ಬದ ಸೋಮವಾರದ ಬೆಳಗು. ಹಿಂದಿನ ದಿನ ಊರಿಗೆ ಊರೇ ಕುಡಿದು ಕುಣಿದಿತ್ತು. ಕುಡಿದದ್ದನ್ನೆಲ್ಲ ಕಂಡ ಕಂಡ ಮೂಲೆಯಲ್ಲಿ ಬಿಟ್ಟೂ ಹೋಗಿತ್ತು. ಬೀದಿಯಲ್ಲಿ ಹುಳಿ ವೈನು, ವಾಂತಿ, ತುಳಿದ ಸೀಗಡಿ ಸಿಪ್ಪೆ… ಲೊರೆಟೊ ಬೆಳಗಿನಿಂದ ಉಸಿರು ಬಿಗಿಹಿಡಿದೇ ನಡೆದಿದ್ದಳು.

ಈಗ ಇವನು! ಅದೂ ಅವಳ ಅಚ್ಚುಮೆಚ್ಚಿನ ಕಮಾನಿನಲ್ಲಿ!

"ಮೇಡಂ, ಸ್ವಲ್ಪ ನಾನು ಹೇಳೋದು…" ಅವನು ತಿರುಗಲು ಹೋದ.

"ತಿರುಗಬೇಡಿ! ಅಸಹ್ಯ! ನಿಮ್ಮಂಥೋರಿಂದಲೇ ಈ ಊರು ನಾರ್ತಿರೋದು!"

ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, ಮುಖ ಬೇರೆ ಕಡೆ ಹೊರಳಿಸಿ, ಗುಂಪನ್ನು ಕುರಿಗಳಂತೆ ಅಟ್ಟಿಕೊಂಡು ಹೋದಳು. ಗುಂಪಿನಲ್ಲಿದ್ದವರೊಬ್ಬರು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದಿದ್ದರು.

ಅವತ್ತು ಅವಳಿಗೆ ಯಾವುದೂ ಚೆಂದ ಕಾಣಲಿಲ್ಲ. ರೋಮನ್ನರ ರಂಗಮಂದಿರದಲ್ಲಿ ಬೆಕ್ಕುಗಳ ವಾಸನೆಯಷ್ಟೇ ಬಂತು. ಕೆಥೆಡ್ರಲ್ಲಿನ ಛಾವಣಿಯಿಂದ ಉದುರುವ ಕಲ್ಲಿಗೆಂದು ಕಟ್ಟಿದ ಬಲೆಯನ್ನು ನೋಡಿದಾಗ, ಈ ಊರಿಗೇ ಕುಷ್ಠ ಹಿಡಿದಿದೆ ಅನ್ನಿಸಿತು.

'ಇಂಥ ಊರನ್ನ ನಾನು ಜನರಿಗೆ ಹೆಮ್ಮೆಯಿಂದ ತೋರಿಸ್ತೀನಾ? ಥೂ…'

ಬುಧವಾರ ಸಂಜೆ ಲೊರೆಟೊ ಮನೆಗೆ ಹೊರಟಾಗ ಕೆಥೆಡ್ರಲ್ಲಿನ ಮೆಟ್ಟಿಲ ಮೇಲೆ ಬೀದಿ ಹಾಡುಗಾರರ ಗುಂಪೊಂದು ನಿಂತಿತ್ತು. ಡೋಲು ಬಾರಿಸುತ್ತಿದ್ದವನು ಎತ್ತರದ ಆಳು, ಕೆಂಪು ಕಿವಿ. ಅವನ ದನಿ ಮಾತ್ರ ಜೇನು!

"ಮೂಗು ಮುಚ್ಚಿದ ಮಹಾರಾಣಿ,
ಸಮುದ್ರಕ್ಕೂ ನಾತವೇನೇ?
ಸೋಪು ಹಾಕಿ ತೊಳೆದು ಕೊಡಲೇ
ಅಲೆಗಳನ್ನೂ ನಿನಗೆ ನಾನೇ?"

ಜನ ಬಿದ್ದು ಬಿದ್ದು ನಕ್ಕರು. ಯಾರೋ ಅವಳ ಕಡೆ ಕಣ್ಣು ಮಿಟುಕಿಸಿದರು. ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ ಆ ವಿಡಿಯೊ ನೋಡದವರು ಊರಲ್ಲಿ ಯಾರಿದ್ದರು?

ಲೊರೆಟೊ ಗುಂಪು ಸೀಳಿಕೊಂಡು ಅವನ ಮುಂದೆ ನಿಂತಳು. "ಕಮಾನಿನ ಹತ್ರ ಗಲೀಜು ಮಾಡಿದ್ದು ನೀವೇ ಅಲ್ವಾ?"

"ನಾನು ಗೋಡೆಗೆ ನೀರು ಕುಡಿಸ್ತಿದ್ದೆ, ಮೇಡಂ."

ಸುತ್ತಲಿದ್ದವರು ಹೋ ಎಂದು ನಕ್ಕರು. ಅವನು ನಗಲಿಲ್ಲ. ಆದರೆ ಅವಳಿಗೆ ಅದು ಕಾಣಲಿಲ್ಲ.

"ಮಾಡೋದನ್ನ ಮಾಡಿ ಮೇಲೆ ತಮಾಷೆ ಬೇರೆ! ನಿಮ್ಮ ಮುಖ ನೋಡಿದ್ರೆ ವಾಕರಿಕೆ ಬರುತ್ತೆ!"

ಹಾಗೆಂದು ಬಂದವಳ ಕಿವಿಯಲ್ಲಿ ಆ ದನಿ ಮಾತ್ರ ಉಳಿದುಬಿಟ್ಟಿತು. 'ಇಷ್ಟು ಕೊಳಕು ಮನುಷ್ಯನಿಗೆ ಇಷ್ಟು ಶುಭ್ರ ದನಿ ಹೇಗೆ ಕೊಟ್ಟನೋ ದೇವರು…' ಅದಕ್ಕೂ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮರುದಿನ ಕಮಾನಿನ ಪಕ್ಕದ ಕರಿದ ಮೀನಿನ ಅಂಗಡಿಯ ಚಾರೊ ಅತ್ತೆ ಅವಳನ್ನು ತಡೆದು ನಿಲ್ಲಿಸಿದಳು.

"ಏನೇ ಹುಡುಗಿ, ಫರ್ಮಿನ್‌ನ ಹೊಟ್ಟೆ ಮೇಲೆ ಹೊಡೆದ್ಯಂತಲ್ಲ?"

"ಯಾರು ಫರ್ಮಿನ್?"

"ಅದೇ, ನೀನು ಉಗಿದ್ಯಲ್ಲ, ಅವನೇ! ಅಟ್ಟಣಿಗೆ ಹತ್ತಿ ಕಮಾನಿಗೆ ಗಾರೆ ಮೆತ್ತೋನು. ಹಸಿ ಸುಣ್ಣದ ಗಾರೆ ಬಿರಿಯಬಾರದು ಅಂತ ದಿನಾ ನೀರು ಸಿಂಪಡಿಸ್ತಾನೆ. ಹಬ್ಬದ ದಿನಾನೂ ಬಂದಿದ್ದ, ಪಾಪ. ಕೈಯಲ್ಲಿ ನೀರಿನ ಪಂಪು ಇತ್ತಲ್ಲೇ! ಕಣ್ಣಿರಲಿಲ್ವಾ ನಿಂಗೆ?"

ಲೊರೆಟೊ ಕರವಸ್ತ್ರವನ್ನು ಮುಷ್ಟಿಯಲ್ಲಿ ಮುದುಡಿಕೊಂಡಳು.

"ಮತ್ತೆ… ಅವನ ಮೇಸ್ತ್ರಿಗೆ ಇದು ಗೊತ್ತಿಲ್ವಾ?"

"ಗೊತ್ತಿಲ್ಲದೆ ಏನು? ಆದ್ರೆ ಊರೆಲ್ಲ ನಗೋವಾಗ ಇಟ್ಕೊಳ್ಳೋದು ಹೇಗೆ ಅಂತ ಮನೆಗೆ ಕಳಿಸಿದ. ನೀರು ಹಾಕೋರಿಲ್ದೆ ಈ ಹಾಳು ಮೂಡಣ ಒಣಗಾಳಿಗೆ ಗೋಡೆ ಹೇಗಾಗಿದೆ, ಹೋಗಿ ನೋಡು!"

ಓಡಿಹೋಗಿ ನೋಡಿದಳು. ಹೊಸ ಗಾರೆ ಜೇಡನ ಬಲೆಯಂತೆ ಬಿರಿದಿತ್ತು. ಬೆರಳು ತಾಗಿಸಿದರೆ ಪುಡಿಪುಡಿ.

ಈ ಗೋಡೆಯ ಮುಂದೆ ಗಲೀಜು ಮಾಡಿದ್ದು ಯಾರೆಂದು ಈಗ ಗೊತ್ತಾಯಿತು. ಕೈ ತೊಳೆದಳು, ಮುಖ ತೊಳೆದಳು. ಆದರೂ ಮೈಮೇಲೆ ಏನೋ ಅಂಟಿಕೊಂಡಂತೆಯೇ ಇತ್ತು.

ಮೇಸ್ತ್ರಿಯ ಬಳಿ ಹೋಗಿ ಬೇಡಿಕೊಂಡಳು. ಅವರು ತಲೆ ಅಲ್ಲಾಡಿಸಿದರು. "ನನ್ನ ಕಿವಿಗೆ ಹೇಳಿ ಏನು ಪ್ರಯೋಜನ, ಮಗಳೇ? ಬೈದಿದ್ದು ಊರ ಮುಂದೆ. ಹಾಡಿಗೆ ಹಾಡೇ ಉತ್ತರ, ನಮ್ಮೂರಲ್ಲಿ."

ಲೊರೆಟೊಗೆ ಹಾಡಲು ಬರುತ್ತಿರಲಿಲ್ಲ. ಪ್ರಾರ್ಥನೆಯಲ್ಲೂ ಅವಳು ಸುಮ್ಮನೆ ತುಟಿ ಆಡಿಸುವವಳು!

ಆದರೂ ಹಬ್ಬದ ಕಡೆಯ ಭಾನುವಾರ, ಹಾಡುಗಾರರ ಮಧ್ಯೆ ನುಗ್ಗಿ ಕೆಥೆಡ್ರಲ್ಲಿನ ಮೆಟ್ಟಿಲೇರಿದಳು. ಬೆವರು, ಬಿಯರು, ಬಣ್ಣದ ವಾಸನೆ ಮುಖಕ್ಕೆ ಬಡಿಯಿತು. ಕಣ್ಣು ಮುಚ್ಚಿ ಬಾಯಿ ತೆರೆದಳು.

"ಗೋಡೆಗೆ ನೀರು ಹನಿಸಿದವನ
ಗಲೀಜುಗಾರ ಅಂದುಬಿಟ್ಟೆ;
ಗಬ್ಬು ನಾತ ನನ್ನ ಬಾಯ್ದೇ,
ಊರ ಮುಂದೆ ಒಪ್ಪಿಬಿಟ್ಟೆ!"

ಶ್ರುತಿ ಎಲ್ಲೋ, ತಾಳ ಎಲ್ಲೋ. ಆದರೂ ಚಪ್ಪಾಳೆ, ಶಿಳ್ಳೆ! "ಇನ್ನೊಂದ್ಸಲ, ಮಹಾರಾಣಿ!" ಹತ್ತಾರು ಮೊಬೈಲುಗಳು ಮೇಲೆದ್ದವು. ನಾಚಿಕೆಯಾದರೂ ಅವಳು ಇನ್ನೊಮ್ಮೆ ಹಾಡಿದಳು. ಈ ಸಲ ಫರ್ಮಿನ್‌ನ ಡೋಲು ಅವಳ ಜೊತೆಗೆ ಮೆಲ್ಲಗೆ ತಾಳ ಹಾಕಿತು.

ಸಂದಣಿ ಕರಗಿದ ಮೇಲೆ ಅವನು ಹತ್ತಿರ ಬಂದ.

"ಕ್ಷಮಿಸಿ ಫರ್ಮಿನ್… ಅವತ್ತೇ ಸರಿಯಾಗಿ ಹೇಳಬಾರದಿತ್ತಾ?"

"ಹೇಳೋಕೆ ಬಿಟ್ರಾ ನೀವು?" ಅವನು ನಕ್ಕ, ಮರುಕ್ಷಣ ತಲೆ ತಗ್ಗಿಸಿದ. "ಬೇರೆ ಯಾರು ಬೈದಿದ್ರೂ ಬಿಡ್ತಿದ್ದೆ. ಅಟ್ಟಣಿಗೆ ಮೇಲಿಂದ ದಿನಾ ನಿಮ್ಮ ಮಾತು ಕೇಳ್ತಿದ್ದೆ. ಆ ಕಲ್ಲುಗಳ ಕಥೆ ಹೇಳೋವಾಗ ನಿಮ್ಮ ದನಿ ಮೆತ್ತಗಾಗುತ್ತೆ, ಗೊತ್ತಾ? ಅದೇ ಬಾಯಲ್ಲಿ ಥೂ ಅನ್ನಿಸಿಕೊಂಡೆ. ಅಳೋ ಬದಲು ಹಾಡಿದೆ."

ಅವಳ ಕಣ್ಣು ತುಂಬಿತು.

"ಮೇಸ್ತ್ರಿ ಈಗಷ್ಟೇ ಬಂದಿದ್ರು," ಅವನೆಂದ. "ನಾಳೆ ಬಾ ಅಂದ್ರು. ಎಲ್ಲ ಕೆರೆದು ಮೊದಲಿಂದ ಮೆತ್ತಬೇಕು. ತಿಂಗಳುಗಟ್ಟಲೆ ಹಿಡಿಯುತ್ತೆ."

"ನನ್ನಿಂದ ಅಷ್ಟು ನಷ್ಟ…"

"ನಷ್ಟ ಅಂತ ಯಾರಂದ್ರು? ತಿಂಗಳುಗಟ್ಟಲೆ ನಿನ್ನ ದನಿ ಕೇಳಬಹುದಲ್ಲ!"

'ನಿನ್ನ' ಅಂದದ್ದು ಅವನಿಗೇ ತಡವಾಗಿ ತಿಳಿಯಿತು. ಕಿವಿ ಇನ್ನಷ್ಟು ಕೆಂಪಾಯಿತು.

ಗಾರೆಯ ಸುಣ್ಣಕ್ಕೆ ಒಡೆದ ಅವನ ಅಂಗೈಯನ್ನು ಲೊರೆಟೊ ತನ್ನ ಕೈಯೊಳಗೆ ತೆಗೆದುಕೊಂಡಳು.

"ಉರಿಯುತ್ತಾ?"

"ಉರೀತಿತ್ತು…"

"ಈಗ?"

"ಈಗ ಬಿಡಬೇಡ, ಅಷ್ಟೇ."